ನನ್ನ ಕೈಗುಣ ಮತ್ತು ಗಣಿತವಿಲ್ಲದ ಅರ್ಜಿ

ಆ ಭಾನುವಾರ ಬೆಳಿಗ್ಗೆ ರಾಯಚೂರಿನ ನಮ್ಮ ಮನೆಯ ಬಾಗಿಲು ತೆರೆದಾಗ ಅಪ್ಪ ಮಗಳು ಇಬ್ಬರೂ ಚಪ್ಪಲಿ ಬಿಟ್ಟು ಮೆಟ್ಟಿಲ ಮೇಲೆ ನಿಂತಿದ್ದರು. ಹುಡುಗಿ ನಾನು ಪಾಠ ಮಾಡುವ ದೇವದುರ್ಗದ ಪಿಯು ಕಾಲೇಜಿನವಳು, ಆ ವರ್ಷ ಕಾಮರ್ಸ್‌ನಲ್ಲಿ ಕಾಲೇಜಿಗೇ ಮೊದಲು ಬಂದಿದ್ದಳು. ಅಪ್ಪ ಮಸರಕಲ್‌ನಲ್ಲಿ ಹೊಲದ ಕೂಲಿ ಮಾಡುವವರು. ಮೊದಲ ಬಸ್ಸು ಹಿಡಿದು ಬಂದಿದ್ದಾರೆ ಎಂದರೆ ಸಿಹಿ ಕೊಡಲಿಕ್ಕೇ ಇರಬೇಕು ಎಂದುಕೊಂಡೆ. ಪೇಡೆಯ ಡಬ್ಬಿ ತಂದಿದ್ದರು ನಿಜ. ಜೊತೆಗೆ ನೋಟ್‌ಬುಕ್ಕಿನಿಂದ ಹರಿದ ಒಂದು ಹಾಳೆಯೂ ಇತ್ತು.

ಹಾಳೆಯಲ್ಲಿ ಐದು ಡಿಗ್ರಿಗಳ ಹೆಸರು ಬರೆದಿದ್ದಳು. ಮೊದಲ ಮೂರರ ಪಕ್ಕ ನಕ್ಷತ್ರದ ಗುರುತು, ಮೂರೂ ನಮ್ಮ ಭಾಗದ ಹೊರಗಿನ ಕಾಲೇಜಿನವು. ಅರ್ಥಶಾಸ್ತ್ರದ ಆನರ್ಸ್, ಸಂಖ್ಯಾಶಾಸ್ತ್ರ, ಇನ್ನೊಂದು ಹಣಕಾಸನ್ನೂ ಗಣಿತವನ್ನೂ ಕೂಡಿಸಿ ಹೇಳಿಕೊಡುವುದು. ಕೊನೆಗೆ ಬಿಬಿಎ, ಬಿ.ಕಾಂ.

"ಕಂಪನಿಗೋಳ ಬೆಲಿ ಕಟ್ಟೋ ಕೆಲಸ ಅಂತ ಒಂದು ಅದ ಮೇಡಂ. ದೊಡ್ಡ ದೊಡ್ಡ ಬ್ಯಾಂಕಿನ್ಯಾಗ ಮಾಡ್ತಾರ. ನನಗ ಅದನ್ನ ಮಾಡಬೇಕು ಅಂತ ಅದ" ಎಂದಳು. ಎರಡು ವರ್ಷದಲ್ಲಿ ಅವಳು ನನ್ನೆದುರು ಇಷ್ಟು ಮಾತಾಡಿದ್ದೇ ಇಲ್ಲ. "ಭಾಳ ಪೈಪೋಟಿ ಐತಂತ್ರಿ. ಡಿಗ್ರಿ ಸರಿ ಇಲ್ಲಂದ್ರ ಅರ್ಜಿನ ಓದಂಗಿಲ್ಲಂತ. ಈ ಮೂರರಾಗ ಯಾವದು ತಗೋಲಿ?"

ಅಪ್ಪ ನಡುವೆ ಬಾಯಿ ಹಾಕಿದರು. "ಯಾವದರ ಇರಲಿ, ಅರ್ಜಿ ನೀವ ಬರೀರಿ ಮೇಡಂ. ಹೋದ ಸಲಾನೂ ನೀವ ಬರದಿದ್ರಿ. ನಿಮ್ಮ ಕೈಗುಣ ನೋಡ್ರಿ, ಫಸ್ಟ್ ಬಂದಾಳ."

ನಾನು ನಕ್ಕು ಫೋನ್ ತೆಗೆದು ಮೊದಲ ಡಿಗ್ರಿಗೆ ಯಾರು ಅರ್ಜಿ ಹಾಕಬಹುದು ಎಂದು ನೋಡಿದೆ. ಹನ್ನೆರಡನೆಯ ತರಗತಿಯಲ್ಲಿ ಗಣಿತ ಓದಿರಲೇಬೇಕು ಎಂದಿತ್ತು. ಎರಡನೆಯದಕ್ಕೂ ಹಾಗೇ. ಮೂರನೆಯದರಲ್ಲೂ ಅದೇ ಸಾಲು. ಅವಳು ಗಣಿತ ಓದಿರಲಿಲ್ಲ. ಓದದಂತೆ ಮಾಡಿದವಳು ನಾನು. ಇದರಿಂದ ಮೂರೂ ಡಿಗ್ರಿ ತಪ್ಪಿದವೆಂಬುದು ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

"ಒಂದು ವಾರ ಟೈಮ್ ಕೊಡ್ರಿ, ವಿಚಾರ ಮಾಡಿ ಹೇಳ್ತೀನಿ" ಎಂದೆ. ಅವರು ಹೋದ ಮೇಲೆ ಪೇಡೆಯ ಡಬ್ಬಿಯನ್ನು ತೆರೆಯಲಿಲ್ಲ.

ಈ ಕೈಗುಣದ ಕಥೆ ಶುರುವಾದದ್ದು ಮಾನ್ವಿಯಲ್ಲಿ. ಅಲ್ಲಿ ನಾನು ಅತಿಥಿ ಉಪನ್ಯಾಸಕಿಯಾಗಿದ್ದಾಗ, ಓದು ಬರಹ ಬಾರದ ತಾಯಿಯೊಬ್ಬಳು ಮಗಳ ಅರ್ಜಿಯನ್ನು ನನ್ನ ಮುಂದೆ ಹಿಡಿದಳು, ತುಂಬಿಕೊಟ್ಟೆ. ಆ ಹುಡುಗಿಗೆ ಮುಂದೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು. ಓದಿದ್ದು ಅವಳು, ಹೆಸರು ಬಂದದ್ದು ನನ್ನ ಕೈಗೆ. ಮರುವರ್ಷ ಅದೇ ಓಣಿಯಿಂದ ನಾಲ್ಕು ಜನ ಬಂದರು. ದೇವದುರ್ಗಕ್ಕೆ ಕಾಯಂ ಆಗಿ ಬಂದಾಗ ನನಗಿಂತ ಮೊದಲೇ ನನ್ನ ಕೈಗುಣ ಅಲ್ಲಿಗೆ ತಲುಪಿತ್ತು. ಪ್ರವೇಶದ ದಿನಗಳಲ್ಲಿ ಬೇರೆ ಉಪನ್ಯಾಸಕರ ಮೇಜು ಖಾಲಿ ಹೊಡೆಯುತ್ತಿದ್ದರೆ ನನ್ನ ಮುಂದೆ ಸಾಲು. ಕೂಲಿಯವರ ಮನೆಯಲ್ಲಿ ಹುಟ್ಟಿ, ನನ್ನ ಅರ್ಜಿಯನ್ನು ಇನ್ನೊಬ್ಬರು ತುಂಬಿಕೊಟ್ಟು ಮೇಲೆ ಬಂದವಳು ನಾನು. ಆ ಸಾಲು ನೋಡಿ ಉಬ್ಬಿಹೋಗುತ್ತಿದ್ದೆ ಎನ್ನುವುದನ್ನು ಮುಚ್ಚಿಡುವುದೇಕೆ? ಹಸಿರು ಮುಚ್ಚಳದ ಒಂದು ಪೆನ್ನನ್ನು ಅದಕ್ಕೆಂದೇ ಬೇರೆ ಇಟ್ಟಿದ್ದೆ.

ಎರಡು ವರ್ಷದ ಹಿಂದೆ ಈ ಹುಡುಗಿಯ ಅರ್ಜಿಯನ್ನು ತುಂಬಿದ್ದೂ ಅದೇ ಪೆನ್ನಿನಿಂದ. ಕಾಮರ್ಸ್‌ನಲ್ಲಿ ನಾಲ್ಕು ವಿಷಯ ಆರಿಸಬೇಕು. ಮೂರು ಎಲ್ಲರಿಗೂ ಒಂದೇ, ನಾಲ್ಕನೆಯದು ಗಣಿತವೋ ಇತಿಹಾಸವೋ ಎಂಬುದಷ್ಟೇ ಆಯ್ಕೆ. ಅವಳಿಗೆ ಹತ್ತನೆಯ ತರಗತಿಯ ಗಣಿತದಲ್ಲಿ ತೊಂಬತ್ತೆಂಟು ಬಂದಿತ್ತು. "ಮೇಡಂ, ಗಣಿತ ಇರೂದು ಸಿಗಂಗಿಲ್ಲೇನ್ರಿ?" ಎಂದು ಕೇಳಿದ್ದಳು, ಮೇಜಿನ ಅಂಚು ನೋಡುತ್ತ.

ನಮ್ಮಲ್ಲಿ ಗಣಿತದ ಹುದ್ದೆ ಖಾಲಿ ಇತ್ತು. ದೀಪಾವಳಿಯ ಹೊತ್ತಿಗೆ ಯಾರನ್ನೋ ಹಾಕುತ್ತಾರೆ ಎಂಬ ಮಾತಿತ್ತು. ಮಕ್ಕಳು ಫೇಲಾದರೆ ಪ್ರಾಂಶುಪಾಲರು ನನ್ನನ್ನೇ ಕೇಳುತ್ತಾರೆ, ಕೈಗುಣದ ಹೆಸರೂ ಮಣ್ಣು ಪಾಲಾಗುತ್ತದೆ. ಜೊತೆಗೆ ಗಣಿತವೆಂದರೆ ನನಗೇ ಚಿಕ್ಕಂದಿನಿಂದ ಎದೆ ಹೊಡೆದುಕೊಳ್ಳುತ್ತಿತ್ತು. "ಅದ್ಯಾಕ ಬೇಕವಾ ನಿನಗ? ಹಿಸ್ಟರಿ ತಗೋ, ಮಾರ್ಕ್ಸ್ ಬೀಳ್ತಾವ" ಎಂದು ಅವಳ ಮುಖ ನೋಡದೆ ಬರೆದುಬಿಟ್ಟೆ. ಅಪ್ಪ ಕೈ ಮುಗಿದರು. ಅವಳು ಮುಗಿಯಲಿಲ್ಲ. ಇದನ್ನು ಆಗ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ, ಪೇಡೆಯ ಡಬ್ಬಿ ಬಂದ ಮೇಲೆ ನೆನಪಾಯಿತು.

ಆ ವಾರ ನಾನು ಬದುಕಿದ್ದು ಹೆದರಿಕೆಯ ಮೇಲೆಯೇ. ದೇವದುರ್ಗದ ಬಸ್ಸಿನಲ್ಲಿ ಕೂತರೆ ಗಬ್ಬೂರು ಬಂದದ್ದು ತಿಳಿಯುತ್ತಿರಲಿಲ್ಲ, ಮಸರಕಲ್ ಎಂದು ಕಂಡಕ್ಟರ್ ಕೂಗಿದರೆ ಮಾತ್ರ ತಲೆ ತಗ್ಗಿಸುತ್ತಿದ್ದೆ. ಆ ಅಪ್ಪ ಹತ್ತಿಬಿಟ್ಟರೆ ಏನು ಹೇಳಲಿ? ಗೊತ್ತಿದ್ದವರಿಗೆಲ್ಲ ಫೋನ್ ಮಾಡಿ, ಬೇರೆ ಯಾರ ಸಲುವಾಗಿಯೋ ಕೇಳುವವಳಂತೆ, ಗಣಿತವಿಲ್ಲದೆ ಆ ಡಿಗ್ರಿಗಳು ಸಿಗುತ್ತವೆಯೇ ಎಂದು ಕೇಳಿದೆ. ಇಲ್ಲ ಎಂದರು. ಒಬ್ಬರು ಮಾತ್ರ, ಮನೆಯಿಂದಲೇ ಓದಿ ಪರೀಕ್ಷೆ ಬರೆಯುವ ಮುಕ್ತ ಶಾಲೆಯಲ್ಲಿ ಗಣಿತ ಒಂದನ್ನೇ ಕಟ್ಟಿ ಪಾಸಾದರೆ ಕೆಲವು ಕಡೆ ಒಪ್ಪುತ್ತಾರೆ, ಆದರೆ ಒಂದು ವರ್ಷ ಹೋಗುತ್ತದೆ ಎಂದರು.

ಇನ್ನೊಂದು ದಾರಿಯೂ ಇತ್ತು. ಅದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ನಮ್ಮ ಭಾಗದವರಿಗೆ ಕೆಲಸದಲ್ಲಿ ಮೀಸಲಾತಿ ಕೊಡುವ 371ಜೆ ಇದೆಯಲ್ಲ, ಹೊರಗೆ ಹೋಗಿ ಓದಿದರೆ ಅದು ಕೈಬಿಟ್ಟು ಹೋಗುತ್ತದೆ ಎಂದು ನಮ್ಮ ಹಳ್ಳಿಗಳಲ್ಲಿ ಬಹಳ ಜನ ನಂಬಿದ್ದಾರೆ. ಅದು ತಪ್ಪು ಎಂದು ನನಗೆ ಗೊತ್ತು, ಎಷ್ಟೋ ಜನರಿಗೆ ತಿಳಿಸಿ ಹೇಳಿದ್ದೇನೆ. ಆದರೆ ಆ ಅಪ್ಪನಿಗೆ ಈ ಒಂದು ಮಾತು ಅಂದುಬಿಟ್ಟರೆ ಸಾಕಿತ್ತು. ಹುಡುಗಿ ರಾಯಚೂರಿನಲ್ಲೇ ಬಿ.ಕಾಂ. ಸೇರುತ್ತಿದ್ದಳು, ನನ್ನ ತಪ್ಪು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಶುಕ್ರವಾರ ಬಸ್ಸಿನಲ್ಲಿ ಆ ಮಾತನ್ನು ಮನಸ್ಸಿನಲ್ಲೇ ಎರಡು ಸಲ ಆಡಿ ನೋಡಿದೆ. ಎಷ್ಟು ಸಲೀಸಾಗಿ ಬಂತೆಂದರೆ ನನ್ನ ಬಗ್ಗೆ ನನಗೇ ಭಯವಾಯಿತು.

ಸೋಮವಾರ ಅವರು ಕಾಲೇಜಿಗೇ ಬಂದರು. ತರಗತಿಗಳಿಗೆ ರಜೆ, ಉಪನ್ಯಾಸಕರ ಕೋಣೆಯಲ್ಲಿ ಕಚೇರಿ ಕೆಲಸಕ್ಕೆ ಬಂದಿದ್ದ ನಾನೊಬ್ಬಳೇ. ಅಪ್ಪ ಡಿಗ್ರಿಯ ಅರ್ಜಿಯನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು, ಸುಕ್ಕು ತೀಡಿ, ನನ್ನ ಮುಂದಿಟ್ಟರು. "ಬರೀರಿ ಮೇಡಂ."

"ನನ್ನ ಕೈಗುಣ ಚಲೋ ಇಲ್ರಿ" ಎಂದೆ. "ಆಕಿ ಗಣಿತ ಕೇಳಿದ್ಲು. ನಾ ಅಂಜಿ ಹಿಸ್ಟರಿ ಬರದೆ. ಆಕಿಗೆ ಬೇಕಾದ ಮೂರೂ ಡಿಗ್ರಿಗೆ ಗಣಿತ ಬೇಕು. ನನ್ನಿಂದ ತಪ್ಪಾಗ್ಯಾದ."

ಅಪ್ಪನಿಗೆ ಅರ್ಥವಾಗಲಿಲ್ಲ. ಮಗಳ ಕಡೆ ತಿರುಗಿ "ಏನಂತಾರವಾ ಮೇಡಂ?" ಎಂದು ಕೇಳಿದರು. ಅವಳು ನನ್ನನ್ನೇ ನೋಡುತ್ತಿದ್ದಳು. "ನನಗ ಅದು ಸಿಗಂಗಿಲ್ಲಂತ ಯಪ್ಪಾ" ಎಂದಳು.

ಅಪ್ಪ ಸಿಟ್ಟಾಗಲಿ ಎಂದು ಕಾದೆ. ಸಿಟ್ಟಾಗಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವರು ಟವೆಲಿನಿಂದ ಮುಖ ಒರೆಸಿಕೊಂಡು, "ಅವತ್ತು ನನಗೂ ಅಂಜಿಕಿ ಇತ್ರಿ. ನನಗೇನ್ ತಿಳೀತದ ಇದೆಲ್ಲ? ನಾಳಿ ತಪ್ಪಾದ್ರ ನನ್ನ ತೆಲಿ ಮ್ಯಾಲ ಬರಬಾರ್ದು ಅಂತ ನಿಮ್ಮ ಕೈಯಾಗ ಕೊಟ್ಟೆ" ಎಂದರು.

"ಅಂಜಿಕಿ ನಿಮ್ಮಿಬ್ಬರದು" ಎಂದಳು ಹುಡುಗಿ. ದನಿ ಏರಿಸಲಿಲ್ಲ. "ಫಾರ್ಮ್ ನಂದಿತ್ತು."

ನಾನು ಮುಕ್ತ ಶಾಲೆಯ ವಿಷಯ ಹೇಳಿದೆ. ಒಂದು ವರ್ಷ ಎಂದ ಕೂಡಲೇ ಅಪ್ಪ ಬೇಡವೆಂದು ತಲೆ ಆಡಿಸಿದರು. "ಒಂದು ವರ್ಷ ಮನಿಯಾಗ ಕುಂತ್ರ ಗಂಡು ನೋಡ್ರಿ ಅಂತ ಮಂದಿ ಬರ್ತಾರ ಮೇಡಂ. ನಾ ಎಷ್ಟ್ ಮಂದಿ ಬಾಯಿ ಮುಚ್ಚಲಿ?" ಆ ಮಾತು ಸುಳ್ಳಲ್ಲ. ಹಾಗೆ ಒಂದು ವರ್ಷಕ್ಕೆಂದು ಮನೆಯಲ್ಲಿ ಕುಳಿತು, ಮತ್ತೆ ಕಾಲೇಜಿಗೆ ಬಾರದ ಹುಡುಗಿಯರನ್ನು ನಾನೇ ಕಂಡಿದ್ದೇನೆ. ಇನ್ನೊಂದು ತಪ್ಪಿಗೆ ಕೈ ಹಾಕುತ್ತಿದ್ದೇನೆಯೇ ಎಂದು ಮತ್ತೆ ಅಂಜಿದೆ.

ಹುಡುಗಿ ಮೇಜಿನ ಮೇಲಿನ ಅರ್ಜಿಯನ್ನು ಮಡಚಿ ಚೀಲಕ್ಕೆ ಹಾಕಿದಳು. "ಮಂದಿ ಬಂದ್ರ ನಾನ ಮಾತಾಡ್ತೀನಿ ಯಪ್ಪಾ. ಒಂದು ವರ್ಷ ಕೊಡು." ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು: "ನಮ್ಮ ಬ್ಯಾಚಿನ್ಯಾಗ ಎಷ್ಟ್ ಮಂದಿದು ನೀವ ಬರದೀರಿ ಮೇಡಂ?"

ಅವರು ಹೋದ ಮೇಲೆ ಕಚೇರಿಯ ಬೀರು ತೆಗೆಸಿ ಆ ವರ್ಷದ ಅರ್ಜಿಗಳ ಕಟ್ಟು ಬಿಚ್ಚಿದೆ. ಒಂದಾದ ಮೇಲೊಂದು ನನ್ನ ಕೈಬರಹ, ನನ್ನ ದುಂಡನೆಯ ಅಕ್ಷರ, ನಾಲ್ಕನೆಯ ಸಾಲಿನಲ್ಲಿ ಇತಿಹಾಸ. ಅವರಲ್ಲಿ ಎಷ್ಟು ಜನ ಗಣಿತ ಕೇಳಿದ್ದರು? ಕೇಳಬೇಕೆಂದು ಬಂದು ಸಾಲು ನೋಡಿ ಸುಮ್ಮನಾದವರೆಷ್ಟು? ಎಣಿಸಲು ಧೈರ್ಯ ಸಾಲದೆ ಕಟ್ಟನ್ನು ಮತ್ತೆ ಬಿಗಿದೆ. ಹಸಿರು ಪೆನ್ನು ಅವತ್ತಿನಿಂದ ನನ್ನ ಚೀಲದಲ್ಲಿಲ್ಲ.

ಮಾನ್ವಿಯಲ್ಲಿ ನನಗೆ ಪರಿಚಯದ ನಿವೃತ್ತ ಗಣಿತದ ಮೇಷ್ಟ್ರೊಬ್ಬರಿದ್ದರು. ಅಪ್ಪ ಒಂದು ವರ್ಷ ಕೊಟ್ಟರು; ಪ್ರತಿ ಭಾನುವಾರ ಹುಡುಗಿ ಗಣಿತ ಕಲಿಯಲು ಅಲ್ಲಿಗೆ ಬರುತ್ತಿದ್ದಳು, ವಾರದ ಉಳಿದ ದಿನ ಅವ್ವನ ಜೊತೆ ಹೊಲದ ಕೆಲಸ. ನಾನೂ ರಾಯಚೂರಿನಿಂದ ಹೋಗಿ ಹಿಂದೆ ಕೂರುತ್ತಿದ್ದೆ. ಮೇಷ್ಟ್ರು ನನಗೂ ಲೆಕ್ಕ ಕೊಡುತ್ತಿದ್ದರು, ನಾನು ತಪ್ಪು ಮಾಡಿದರೆ ಮುಲಾಜಿಲ್ಲದೆ ಬೈಯುತ್ತಿದ್ದರು. ಒಮ್ಮೆ ಅವಳು ನನ್ನ ಹಾಳೆಯ ಮೇಲೆ ಬಾಗಿ ನಾನು ಮಾಡಿದ ಲೆಕ್ಕವನ್ನು ತಿದ್ದಿದಳು. ಕ್ಷಮಿಸಿದ್ದಾಳೆಂದು ಅಂದುಕೊಳ್ಳುವಷ್ಟು ದಡ್ಡಿ ನಾನಲ್ಲ. ನಡುವೆ ಎರಡು ಸಲ ಗಂಡಿನ ಕಡೆಯವರು ಬಂದುಹೋದ ಸುದ್ದಿಯೂ ಅಪ್ಪನಿಂದಲೇ ತಿಳಿಯಿತು. ಆ ಎರಡು ಭಾನುವಾರ ಅವಳು ಬಸ್ಸಿನಿಂದ ಇಳಿಯುವವರೆಗೆ ನಾನು ಮಾನ್ವಿಯ ಬಸ್ ನಿಲ್ದಾಣ ಬಿಟ್ಟು ಕದಲಲಿಲ್ಲ.

ಮುಕ್ತ ಶಾಲೆಯ ಗಣಿತದ ಪರೀಕ್ಷೆ ರಾಯಚೂರಿನಲ್ಲಿ. ಕೇಂದ್ರದ ಗೇಟಿನ ಹತ್ತಿರ ನಾನು ಹೋದಾಗ ಅಪ್ಪ ಮಗಳು ಆಗಲೇ ಬಂದಿದ್ದರು. ಗಂಟೆ ಹೊಡೆಯಲು ಇನ್ನು ಹತ್ತು ನಿಮಿಷವಿತ್ತು. ಅಪ್ಪ ಅವಳ ಪೌಚಿನಿಂದ ಪೆನ್ನು ತೆಗೆದು, ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದರು.

"ಒಂದ್ಸಲ ಮುಟ್ಟಿ ಕೊಡ್ರಿ ಮೇಡಂ."

ಇಷ್ಟೆಲ್ಲ ಆದ ಮೇಲೂ. ಮುಟ್ಟಲೇ, ಬೇಡವೇ? ಮುಟ್ಟದಿದ್ದರೆ ಆ ಮನುಷ್ಯ ಮೂರು ತಾಸು ಒದ್ದಾಡುತ್ತಾರೆ. ನಾಚಿಕೆಯಿಲ್ಲದ ನನ್ನ ಕೈ ಮುಂದೆ ಹೋಗಿಯೂ ಇತ್ತು.

ಹುಡುಗಿ ನಡುವೆ ಬಂದು ಅಪ್ಪನ ಕೈಯಿಂದ ಪೆನ್ನು ತೆಗೆದುಕೊಂಡಳು.

"ಬ್ಯಾಡ ಯಪ್ಪಾ. ನೀವಿಬ್ಬರೂ ಇಲ್ಲೇ ಕುಂದ್ರಿ" ಎಂದಳು. "ನಾ ಬರದು ಬರ್ತೀನಿ."

ಅವಳು ಒಳಗೆ ಹೋದಳು. ನಾವಿಬ್ಬರೂ ಗೇಟಿನ ಪಕ್ಕದ ಕಟ್ಟೆಯ ಮೇಲೆ, ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತೆವು.