ಹಪ್ಪಳದ ಡಬ್ಬದಲ್ಲಿ ರೇಡಿಯೇಶನ್ ಮೀಟರ್

ಕಳೆದ ತಿಂಗಳು ಒಂದು ದಿನ ನನ್ನ ಮಗಳು ಹದಿನಾಲ್ಕು ಗಂಟೆ ಕಾಲ ಭೂಮಿಯ ಮೇಲೆ ಇರಲಿಲ್ಲ.

ಗಾಬರಿ ಬೇಡ. ಅವಳು ಮನೆಯಲ್ಲೇ ಇದ್ದಳು. ಎರಡು ದೋಸೆ ತಿಂದಳು. ಮಗ್ಗಿ ಒಪ್ಪಿಸುವಾಗ ಏಳೆಂಟ್ಲ ಐವತ್ತನಾಲ್ಕು ಎಂದು ಬೈಸಿಕೊಂಡಳು. ಆದರೆ ವಿಜ್ಞಾನದ ಪ್ರಕಾರ ಇರಲಿಲ್ಲ. ಅದಕ್ಕೆ ನನ್ನ ಹತ್ತಿರ ಗ್ರಾಫ್ ಇದೆ.

ಮೊದಲಿಂದ ಹೇಳುತ್ತೇನೆ.

ಮೇಗರವಳ್ಳಿಯಿಂದ ನಾಲ್ಕು ಕಿಲೋಮೀಟರ್ ಒಳಗಿದೆ ನಮ್ಮೂರು. ಊರಿನ ಶಾಲೆಯ ಹಿಂದಿನ ಗುಡ್ಡದಲ್ಲಿ ಮೊಬೈಲ್ ಟವರ್ ಹಾಕುತ್ತಾರೆ ಎಂಬ ಸುದ್ದಿ ಬಂದಾಗ ಮೊದಲು ಕೂಗೆಬ್ಬಿಸಿದವಳು ನಾನು. ಖಾಯಂ ಓದುಗರಿಗೆ ನೆನಪಿರಬಹುದು, ಇದೇ ಅಂಕಣದಲ್ಲಿ ‘ನಮ್ಮ ಮಕ್ಕಳ ತಲೆ ಮೇಲೆ ನಿಮ್ಮ ಟವರ್ ಬೇಡ’ ಎಂದು ಗುಡುಗಿದ್ದೆ. ನಿಮ್ಮಲ್ಲಿ ಕೆಲವರು ಭೇಷ್ ಎಂದು ಪತ್ರ ಬರೆದಿರಿ. (ಒಬ್ಬರು ಅಂಕಣದ ಮೇಲಿರುವ ನನ್ನ ಫೋಟೊ ತೀರಾ ಹಳೆಯದು ಎಂದೂ ಬರೆದರು. ಅದಕ್ಕೆ ಉತ್ತರ ಕೊಡುವುದಿಲ್ಲ.) ಆಕ್ಷೇಪಣೆ ಅರ್ಜಿ ಬರೆದು, ಮನೆಮನೆ ತಿರುಗಿ ಸಹಿ ಹಾಕಿಸಿ, ಪಂಚಾಯ್ತಿಗೆ ಕೊಟ್ಟುಬಂದೆ.

ಮಗಳು ಸಿರಿ ಅದೇ ಶಾಲೆಯಲ್ಲಿ ಮೂರನೇ ಕ್ಲಾಸು. ಎಂಟು ವರ್ಷದ ಪುಟ್ಟ ತಲೆ. ಅದರೊಳಗೆ ಏನೇನು ಅಲೆ ನುಗ್ಗುತ್ತದೋ ಎಂದು ನಾನು ನಿಜವಾಗಿಯೂ ಹೆದರಿದ್ದೆ. ತಾಯಿಗೆ ಹೆದರುವುದಕ್ಕೆ ಡಿಗ್ರಿ ಬೇಕಾ? ವಾಟ್ಸ್ಯಾಪಿನಲ್ಲಿ ಬಂದ ಒಂದು ವಿಡಿಯೊ ಸಾಕು.

ಸಹಿ ಹಾಕದವರು ಆಟೋ ಓಡಿಸುವ ಗಣಪಣ್ಣ ಒಬ್ಬರೇ.

“ಟೀಚರ್ರೇ, ಆಗುಂಬೆಗೆ ಬಂದ ಟೂರಿಸ್ಟ್ ನಂಗೆ ಫೋನ್ ಹಚ್ಚಿದ್ರೆ ವ್ಯಾಪ್ತಿ ಪ್ರದೇಶದ ಹೊರಗೆ ಅಂತ ಬರ್ತದಂತೆ. ನಾನು ಮನೆ ಒಳಗೇ ಇರ್ತೀನಿ ಮಾರಾಯ್ರೇ! ನಿಮ್ಗೆ ಮಗಳ ತಲೆ ಚಿಂತೆ, ನಂಗೆ ಮನೆಯೋರ ಹೊಟ್ಟೆ ಚಿಂತೆ” ಎಂದರು. (ನಾನು ತೀರ್ಥಹಳ್ಳಿಯ ಕಾಲೇಜೊಂದರಲ್ಲಿ ಕಾಮರ್ಸ್ ಪಾಠ ಮಾಡುತ್ತೇನೆ. ಹಾಗಾಗಿ ಊರಿಗೆಲ್ಲ ಟೀಚರ್ರು.)

ಗಣಪಣ್ಣ ಹೇಳಿದ್ದು ಸುಳ್ಳಲ್ಲ. ನಮ್ಮೂರಲ್ಲಿ ನೆಟ್‌ವರ್ಕ್ ಎಲ್ಲ ಕಡೆ ಸಿಗುವ ವಸ್ತುವಲ್ಲ. ಮನೆಗೊಂದು ಜಾಗ ಅಂತ ಇರುತ್ತದೆ. ಹೊಸ ಸೊಸೆ ಬಂದರೆ ದೇವರಮನೆ, ಬಚ್ಚಲುಮನೆ ತೋರಿಸಿ, ಆಮೇಲೆ ‘ನೆಟ್‌ವರ್ಕ್ ಜಾಗ’ ತೋರಿಸುತ್ತಾರೆ. ಗಣಪಣ್ಣನ ಮನೆಯಲ್ಲಿ ಅದು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲು. ನಮ್ಮಲ್ಲಿ ನಡುಮನೆಯ ಕಿಟಕಿ ಕಟ್ಟೆ, ಅದರಲ್ಲೂ ಎಡಮೂಲೆ. ಅಲ್ಲಿ ಕೂತರೆ ಒಂದು ಕಡ್ಡಿ ಬರುತ್ತದೆ, ಪುಣ್ಯ ಮಾಡಿದ್ದರೆ ಎರಡು. ಒಂದು ಗೇಣು ಬಲಕ್ಕೆ ಸರಿದಿರೋ, ಮಾತು ಕಟ್. ಹಾಗಾಗಿ ಫೋನ್ ಹಿಡಿದ ನಮ್ಮೂರಿನವರು ಸೊಳ್ಳೆ ಕಚ್ಚಿದರೂ ಅಲ್ಲಾಡುವುದಿಲ್ಲ.

ಪಂಚಾಯ್ತಿಯಲ್ಲಿ ಎರಡು ಸಲ ಕೂತರೂ ಜಗಳ ಬಗೆಹರಿಯಲಿಲ್ಲ. ಆಗ ಶಾಲೆಯ ಹೆಡ್ಮಾಷ್ಟ್ರು ಒಂದು ದಾರಿ ಹುಡುಕಿದರು. ಅವರ ಹಳೇ ವಿದ್ಯಾರ್ಥಿನಿ ಶ್ರುತಿ ಪಿಎಚ್.ಡಿ. ಮಾಡುತ್ತಿದ್ದಾಳೆ. ಮಕ್ಕಳ ಮೈಗೆ ದಿನಕ್ಕೆ ಎಷ್ಟು ವಿದ್ಯುತ್ಕಾಂತೀಯ ಅಲೆ ತಾಗುತ್ತದೆ ಎಂದು ಅಳೆಯುವುದೇ ಅವಳ ಕೆಲಸ. ಸಾಗರದ ಕಡೆ ಒಂದು ಶಾಲೆ, ಹೊಸನಗರದ ಕಡೆ ಒಂದು ಶಾಲೆ ಮುಗಿಸಿದ್ದಳು. “ಮೊದಲು ಅಳೆಯೋಣ, ಆಮೇಲೆ ಬೇಕಾದ್ರೆ ಕಿತ್ತಾಡೋಣ” ಎಂದರು ಹೆಡ್ಮಾಷ್ಟ್ರು.

ನಾನು ಎಲ್ಲರಿಗಿಂತ ಮೊದಲು ಒಪ್ಪಿದೆ. ಟವರಿಲ್ಲದ ನಮ್ಮೂರ ಮಕ್ಕಳು ಎಷ್ಟು ಶುದ್ಧವಾಗಿದ್ದಾರೆ ಎಂದು ಗ್ರಾಫ್ ಸಮೇತ ಗೊತ್ತಾದರೆ, ಅದನ್ನು ಕೆಡಿಸಬೇಡಿ ಎನ್ನುವುದು ಸುಲಭ ಅಲ್ಲವೇ? ಮೀಟರ್ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

ಶ್ರುತಿ ಬಂದಳು. ಸೋಪಿನ ಡಬ್ಬಿಯಷ್ಟು ದೊಡ್ಡ ಮೀಟರು. ಮಗು ಅದನ್ನು ಒಂದಿಡೀ ದಿನ ಸೊಂಟಕ್ಕೆ ಕಟ್ಟಿಕೊಳ್ಳಬೇಕು, ಮಲಗುವಾಗ ದಿಂಬಿನ ಪಕ್ಕ ಇಟ್ಟುಕೊಳ್ಳಬೇಕು. ಮಗು ಯಾವ ಹೊತ್ತಿಗೆ ಎಲ್ಲಿತ್ತು, ಏನು ಮಾಡುತ್ತಿತ್ತು ಎಂದು ಮನೆಯವರು ಒಂದು ಡೈರಿಯಲ್ಲಿ ಬರೆಯಬೇಕು. ಇದ್ದದ್ದು ಎರಡೇ ಮೀಟರ್. ಸರದಿಯ ಮೇಲೆ ಮನೆಯಿಂದ ಮನೆಗೆ ಹೋಗಬೇಕು.

“ಅದನ್ನ ನಾವೇ ಕಟ್ಕಂಡ್ರೆ ಆಗಲ್ವನೇ? ಮಗೂಗೆ ಯಾಕೆ?” ಎಂದರು ನನ್ನ ಅತ್ತೆ.

“ಮಕ್ಕಳು ನಮ್ಮಷ್ಟು ಎತ್ತರ ಇಲ್ಲ ಅಜ್ಜಿ. ನಾವಿರೋ ಕಡೆ ಇರಲ್ಲ, ನಮ್ಮ ಹಾಗೆ ಇರಲ್ಲ. ನಮ್ಮ ಲೆಕ್ಕ ಅವರಿಗೆ ಹಿಡಿಯಲ್ಲ” ಎಂದಳು ಶ್ರುತಿ.

ನಮ್ಮ ಮನೆಯ ಸರದಿ ಬಂದ ದಿನ ನಾನು ಮಾಡಿದ ತಯಾರಿ ಇನ್‌ಸ್ಪೆಕ್ಟರ್ ಬರುವ ದಿನ ಶಾಲೆಯಲ್ಲೂ ನಡೆಯುವುದಿಲ್ಲ. ನನ್ನ ಫೋನ್ ಆಫ್. ಗಂಡನ ಫೋನ್ ಅವರ ಅಂಗಡಿಯಲ್ಲೇ. ಸಿರಿಗೆ ಟ್ಯಾಬ್ ಇಲ್ಲ, ಟಿವಿ ಇಲ್ಲ. ಡೈರಿಯಲ್ಲಿ ದುಂಡಗೆ ಬರೆದೆ: ಆಟ, ಓದು, ಊಟ, ನಿದ್ರೆ. ಅಂಥ ಆದರ್ಶ ಬಾಲ್ಯವನ್ನು ನಮ್ಮ ಮನೆ ಹಿಂದೆಂದೂ ಕಂಡಿರಲಿಲ್ಲ. (ಅರ್ಧ ದಿನಕ್ಕೇ ನಮಗೆಲ್ಲ ತಲೆ ಕೆಟ್ಟಿತ್ತು.)

ಮರುದಿನ ಶ್ರುತಿ ಮನೆಗೆ ಬಂದು ಮೀಟರನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದಳು. ಹುಬ್ಬು ಗಂಟಾಯಿತು.

“ಮೇಡಂ, ಸಿರಿ ನಿನ್ನೆ ಸಂಜೆ ಐದರಿಂದ ಇವತ್ತು ಬೆಳಿಗ್ಗೆ ಏಳರ ತನಕ ಎಲ್ಲಿದ್ಲು?”

“ಮನೇಲೇ ಇದ್ಲಲ್ಲ.”

“ಮೀಟರ್ ನೋಡಿದ್ರೆ ಭೂಮಿ ಮೇಲೇ ಇದ್ದ ಹಾಗಿಲ್ಲ. ರೇಡಿಯೊ ಸ್ಟೇಶನ್ ಅಲೆಯಾದ್ರೂ ಸ್ವಲ್ಪ ಸಿಗಬೇಕಿತ್ತು. ಇದ್ರಲ್ಲಿ ಏನೂ ಇಲ್ಲ!”

ನಾನು ಹೆಮ್ಮೆಯಿಂದ ಬೀಗಿದೆ. ಅವಳು ಮೀಟರನ್ನು ಮೂಗಿನ ಹತ್ತಿರ ಹಿಡಿದು ಮೂಸಿದಳು. “ಇದೇನಿದು, ಹಪ್ಪಳದ ವಾಸನೆ?”

ಅತ್ತೆ ಒಳಗಿನಿಂದಲೇ ಉತ್ತರ ಕೊಟ್ಟರು. “ಭಾರೀ ಬೆಲೆಬಾಳೋ ವಸ್ತು ಅಂದ್ರಲ್ಲ ಮಾರಾಯ್ತಿ. ಈ ಥಂಡೀಲಿ ಹೊರಗಿಟ್ರೆ ಬೂಸ್ಟು ಬರಲ್ವಾ? ಮಗು ಶಾಲೆಯಿಂದ ಬಂದ ಕೂಡ್ಲೇ ಬಿಚ್ಚಿ ಹಪ್ಪಳದ ಡಬ್ಬಕ್ಕೆ ಹಾಕಿಟ್ಟಿದ್ದೆ. ಬೆಳಿಗ್ಗೆ ಮತ್ತೆ ಕಟ್ಟಿ ಕಳಿಸ್ದೆ.” (ಫೋನು, ಟಿವಿ ಕಾಯುವ ಗಡಿಬಿಡಿಯಲ್ಲಿ ನಾನು ಸಿರಿಯ ಸೊಂಟವನ್ನಾಗಲಿ ದಿಂಬನ್ನಾಗಲಿ ನೋಡಿರಲೇ ಇಲ್ಲ.)

ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಬಯಲುಸೀಮೆಯ ಓದುಗರಿಗಾಗಿ ಹೇಳುತ್ತೇನೆ. ಮಳೆಗಾಲದ ತೇವಕ್ಕೆ ಬೂಸಲು ಹಿಡಿಯುತ್ತದೆಂದು ನಮ್ಮಲ್ಲಿ ಬೆಲೆಬಾಳುವುದೆಲ್ಲ ಬಿಗಿ ಮುಚ್ಚಳದ ತಗಡಿನ ಡಬ್ಬಕ್ಕೆ ಹೋಗುತ್ತದೆ. ಕ್ಯಾಮೆರಾ, ಮಾರ್ಕ್ಸ್ ಕಾರ್ಡು, ಮಾವನವರ ಕಿವಿಯ ಮಷಿನ್ನು, ಎಲ್ಲ ಹಪ್ಪಳದ ಜೊತೆಗೇ. ನನ್ನ ಮದುವೆ ಆಲ್ಬಂ ತೆಗೆದರೆ ಇವತ್ತಿಗೂ ಹಲಸಿನ ಹಪ್ಪಳದ ವಾಸನೆ ಬರುತ್ತದೆ.

“ತಗಡಿನ ಡಬ್ಬದೊಳಗೆ ಅಲೆ ಹೋಗಲ್ಲ ಅಜ್ಜಿ” ಎಂದಳು ಶ್ರುತಿ ಸೋತ ದನಿಯಲ್ಲಿ.

“ಹೌದನ? ಹಾಗಾರೆ ಮಕ್ಳನ್ನೇ ಡಬ್ಬದಾಗೆ ಕೂರ್ಸಿದ್ರೆ ಆಯ್ತಲ್ಲ. ಟವರ್ ಜಗಳನೇ ಇಲ್ಲ!”

ಆಮೇಲೆ ವಿಚಾರಿಸಿದರೆ ಊರಿನ ಅರ್ಧಕ್ಕರ್ಧ ಅಜ್ಜಿಯರು ಇದೇ ಕೆಲಸ ಮಾಡಿದ್ದರು. ಒಬ್ಬರ ಮನೆಯಲ್ಲಿ ಅವಲಕ್ಕಿ ಡಬ್ಬ, ಇನ್ನೊಬ್ಬರಲ್ಲಿ ಟ್ರಂಕು. ಶ್ರುತಿ ಕೈ ಮುಗಿದು, ಬೂಸ್ಟು ಬಂದರೆ ಬರಲಿ ಎಂದು ಹೇಳಿ, ಎಲ್ಲರ ಮನೆಯಲ್ಲೂ ಎರಡನೇ ಸಲ ಶುರುಮಾಡಿದಳು.

ಎರಡನೇ ಸಲ ಆದರ್ಶ ಬಾಲ್ಯಕ್ಕೆ ನನಗೆ ಪುರುಸೊತ್ತಿರಲಿಲ್ಲ. ಪೇಪರ್ ವ್ಯಾಲ್ಯುಯೇಶನ್ ನಡೆದಿತ್ತು. ಬಸ್ಸಿಳಿದು ಮನೆಗೆ ಬಂದರೆ ಅಡುಗೆ, ಅಡುಗೆಯಾದರೆ ಪೇಪರು, ಅದರ ಮಧ್ಯೆ ಈ ಅಂಕಣ. “ಡೈರಿ ನೀನೇ ಬರ್ಕೊಳ್ಳೆ” ಎಂದು ಸಿರಿಗೆ ಒಪ್ಪಿಸಿದೆ. ಅವಳು ಏನು ಬರೆದಳೆಂದು ಓದದೆಯೇ ಶ್ರುತಿಗೆ ಕೊಟ್ಟೆ.

ಕಳೆದ ಶನಿವಾರ ಮಧ್ಯಾಹ್ನ ಶಾಲೆಯಲ್ಲಿ ಸಭೆ. ಊರೇ ಸೇರಿತ್ತು. ಮಕ್ಕಳು ಮುಂದೆ ಚಾಪೆ ಮೇಲೆ, ನಾವು ಹಿಂದೆ ಬೆಂಚಿನ ಮೇಲೆ. ಶ್ರುತಿ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಒಂದೊಂದೇ ಗ್ರಾಫ್ ಬಿಟ್ಟಳು. ಹೆಸರು ಹಾಕಿರಲಿಲ್ಲ, ಮಗು ನಂಬರ್ ಒಂದು, ಎರಡು, ಮೂರು. ಎಲ್ಲವೂ ನೆಲಕ್ಕಂಟಿದ ಗೆರೆಗಳು, ಅಲ್ಲಲ್ಲಿ ಒಂದು ಪುಟ್ಟ ಉಬ್ಬು. ನಾನು ಗಣಪಣ್ಣನ ಕಡೆ ನೋಡಿ ‘ನೋಡಿದ್ರಾ’ ಎಂಬಂತೆ ತಲೆ ಆಡಿಸಿದೆ.

ಆಮೇಲೆ ಮಗು ನಂಬರ್ ನಾಲ್ಕು ಬಂತು. ಸಂಜೆ ಏಳರ ನಂತರ ಗೆರೆ ಎದ್ದು ಗೋಡೆಯ ಗಡಿಯಾರದ ತನಕ ಹೋಗಿತ್ತು. ಸಭೆ ‘ಅಯ್ಯಯ್ಯೋ’ ಎಂದಿತು.

“ಗಾಬರಿ ಆಗ್ಬೇಡಿ” ಎಂದಳು ಶ್ರುತಿ. “ಇದೂ ಸರ್ಕಾರ ಹಾಕಿರೋ ಮಿತಿಗಿಂತ ತುಂಬ ಕೆಳಗೇ ಇದೆ. ಅಪಾಯ ಇದೆ ಅಥವಾ ಇಲ್ಲ ಅಂತ ನಾನು ಹೇಳ್ತಿಲ್ಲ, ಎಷ್ಟು ತಾಗ್ತು ಅಂತ ಅಷ್ಟೇ ಹೇಳ್ತಿದೀನಿ. ಆದ್ರೆ ಇದು ಎಲ್ಲಿಂದ ಬಂತು ನೋಡಿ. ಟವರ್ ದೂರ ಇದ್ದಷ್ಟೂ ಫೋನ್ ಜೋರಾಗಿ ಕೂಗ್ಬೇಕು. ಒಂದೇ ಕಡ್ಡಿ ಇರೋ ಜಾಗದಲ್ಲಿ ಅದು ತನ್ನ ಶಕ್ತಿ ಎಲ್ಲ ಹಾಕಿ ಕೂಗ್ತಿರುತ್ತೆ. ಈ ಮಗು ಫೋನ್ ಮುಟ್ಟಿಲ್ಲ. ಮಗೂನ ಹತ್ರ ಕೂರಿಸ್ಕೊಂಡು ಯಾರೋ ಫೋನಲ್ಲಿ ಮಾತಾಡಿದಾರೆ. ನಲವತ್ತು ನಿಮಿಷ.”

“ನಲವತ್ತು ನಿಮಿಷ! ಅದೆಂತ ಮಾತು ಮಾರಾಯ್ರೇ?” ಎಂದರು ಗಣಪಣ್ಣ. “ಯಾರ ಮನೆ ಮಗುವಾ ಏನ, ಪಾಪ.”

ನಾನು ಗಣಪಣ್ಣನ ಕಡೆಯಿಂದ ಮುಖ ತಿರುಗಿಸಿದೆ. ಯಾಕೆಂದರೆ ಆ ನಲವತ್ತು ನಿಮಿಷ ಎಂತ ಮಾತು ಎಂದು ನನಗೆ ಗೊತ್ತಿತ್ತು. ಹೊಸನಗರದ ಗೆಳತಿಯೊಬ್ಬಳ ಊರಲ್ಲೂ ಟವರ್ ಬರುವುದಿತ್ತು. ಅಲೆಗಳಿಂದ ಮಕ್ಕಳನ್ನು ಕಾಪಾಡಿಕೊಳ್ಳುವುದು ಹೇಗೆ ಎಂದು ಅವಳಿಗೆ ಸವಿಸ್ತಾರವಾಗಿ ವಿವರಿಸಿದ್ದೆ.

ಬಾಯಿ ಮುಚ್ಚಿ ಕೂತರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೂತೂ ಇದ್ದೆ, ಸುಳ್ಳು ಯಾಕೆ ಹೇಳಲಿ? ಅಷ್ಟರಲ್ಲಿ ಶ್ರುತಿ ಆ ಹೊತ್ತಿನ ಡೈರಿಯ ಸಾಲನ್ನು ಗೋಡೆ ಮೇಲೆ ತೋರಿಸಿದಳು. ‘ಏಳೂ ಹತ್ತರಿಂದ ಏಳೂ ಐವತ್ತು. ಕಿಟಕಿ. ಅಮ್ಮನ ತೊಡೆ.’

ಚಾಪೆಯಿಂದ ಸಿರಿ ಚಂಗನೆ ಎದ್ದಳು. “ಅದು ನಂದು! ನಂದೇ ಎಲ್ಲರಿಗಿಂತ ಎತ್ತರ!”

ಮಕ್ಕಳು ಚಪ್ಪಾಳೆ ತಟ್ಟಿದವು. “ಟೀಚರ್ರೇ, ಮಗಳು ಫಸ್ಟು! ಸ್ವೀಟ್ ಯಾವಾಗ?” ಎಂದರು ಗಣಪಣ್ಣ. ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನನ್ನ ಅತ್ತೆಯೂ ನಕ್ಕರು. (ಎಲ್ಲರಿಗಿಂತ ಜೋರಾಗಿ.)

ಎದ್ದು ನಿಂತೆ. ಆ ಫೋನು ನನ್ನದೇ ಎಂದೆ. ನಾಚಿಕೆಯಾಗಿತ್ತು. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಬರೆದೆ, ನಿಮ್ಮಿಂದ ಸಹಿ ಹಾಕಿಸಿದೆ, ಸೋಮವಾರ ಅರ್ಜಿ ವಾಪಸ್ ತೆಗೆದುಕೊಳ್ಳುತ್ತೇನೆ ಎಂದೆ. ಗೆದ್ದ ಗಣಪಣ್ಣ ಕುಣಿಯುತ್ತಾರೆ ಎಂದುಕೊಂಡಿದ್ದೆ. ಅವರು ತಲೆ ಕೆರೆದುಕೊಂಡರು. “ಪೂರ್ತಿ ಎಂತಕ್ಕೆ ವಾಪಸ್ ತಗೊಳ್ತೀರಿ? ಶಾಲೆಯಿಂದ ಒಂಚೂರು ಆಚೆ ಹಾಕ್ಲಿ ಅಂತ ಬರೀರಿ. ನಂಗೂ ಮಕ್ಕಳಿದಾವಲ್ಲ.”

ಸಿರಿಯ ಕೈ ಹಿಡಿದು ಮನೆಗೆ ಹೊರಟೆ. ಹೊಸ ಜ್ಞಾನ ಬಂದಿತ್ತಲ್ಲ, ಸುಮ್ಮನಿರಲಿಕ್ಕಾಗುತ್ತದೆಯೇ? ಇನ್ನು ಮುಂದೆ ಅಮ್ಮ ಫೋನಲ್ಲಿದ್ದಾಗ ಹತ್ತಿರ ಬರಬಾರದು ಎಂದು ದಾರಿಯಲ್ಲೇ ಕಾನೂನು ಮಾಡಿದೆ.

“ಟವರ್ ಬಂದ್ರೆ ಮನೆ ತುಂಬ ನೆಟ್‌ವರ್ಕ್ ಬರ್ತದಾ ಅಮ್ಮ?”

“ಹ್ಞೂಂ. ಅಡುಗೆಮನೇಲೂ ಬರುತ್ತೆ, ಜಗಲೀಲೂ ಬರುತ್ತೆ.”

“ಆಗ ನೀನು ಓಡಾಡ್ಕೊಂಡೇ ಮಾತಾಡ್ತೀಯಾ?”

“ಮತ್ತೆ? ಕೆಲಸ ಮಾಡ್ಕೊಂಡೇ ಮಾತಾಡಬಹುದು. ಎಷ್ಟು ಆರಾಮು.”

“ಹಂಗಾರೆ ಟವರ್ ಬೇಡ.”

“ಯಾಕೆ ಪುಟ್ಟಿ?”

“ಫೋನ್ ಬಂದಾಗ ಮಾತ್ರ ನೀನು ಒಂದೇ ಕಡೆ ಕೂತಿರ್ತೀಯ.”

ನಾನು ಬರೆದ ಅರ್ಜಿಯಲ್ಲಿ ಟವರ್ ಬೇಡ ಎನ್ನುವುದಕ್ಕೆ ಹನ್ನೊಂದು ಕಾರಣಗಳಿದ್ದವು, ಇದೊಂದು ಇರಲಿಲ್ಲ.