ರೂಪಾಲಿಯ ಕೆಂಪು ಗೆರೆಗಳು

ರೂಪಾಲಿಯನ್ನು ನಾನು ಮೊದಲು ನೋಡಿದ್ದು ೧೯೯೮ರ ಜನವರಿಯ ಒಂದು ಸೋಮವಾರ. ಮಿರಜದ ದವಾಖಾನೆಗಳ ಹಿಂದಿನ ನಮ್ಮ ಓಣಿಗೆ ಎರಡನೇ ಎಸ್‌ಟಿಡಿ ಬೂತ್ ಬಂದ ವಾರ ಅದು. ರೋಗಿಗಳ ಮಂದಿಗೆ ನಾನು ಖೋಲಿ ಬಾಡಿಗೆಗೆ ಕೊಡುತ್ತಿದ್ದೆ. ಹುಡುಗಿ ಒಂದು ಕೈಯಲ್ಲಿ ಹಾಸಿಗೆಯ ಗಂಟು, ಇನ್ನೊಂದರಲ್ಲಿ ಇಂಗ್ಲಿಷ್ ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತಳು.

"ಇಂದುಬಾಯಿ ಅನ್ನೋರು ನೀವ ಏನ್ರಿ? ಅವ್ವನ್ನ ಅಡ್ಮಿಟ್ ಮಾಡೇನಿ. ಖೋಲಿ ಬೇಕು."

"ನಿನ್ನ ಜೋಡಿ ಗಂಡಸರು ಯಾರದಾರ?"

"ನಾನ ಗಂಡಸು, ನಾನ ಹೆಂಗಸು," ಅಂದಳು.

ಲಿಂಗನೂರಿನ ಕುರಿ ಕಾಯುವವರ ಮಗಳು, ತಂದೆ ಇಲ್ಲ. ಸಾಂಗಲಿಯ ಕಾಲೇಜಿನಲ್ಲಿ ಹನ್ನೆರಡನೇ ಇಯತ್ತೆ. ಇಂಗ್ಲಿಷಿನಲ್ಲಿ ಒಮ್ಮೆ ನಪಾಸಾಗಿದ್ದಳು. ಮುಂಜಾನೆ ಸಿಟಿ ಬಸ್ಸಿಗೆ ಹೋಗುವಳು, ಮಧ್ಯಾಹ್ನ ವಾರ್ಡಿನಲ್ಲಿ ತಾಯಿ ತಂಗೆವ್ವನ ಕಾಟಿನ ಬಾಜೂಕ ಕೂತು ಓದುವಳು. ನಾನು ಕಲಿತದ್ದು ಎರಡನೇ ಇಯತ್ತೆ. ಅವಳ ಪುಸ್ತಕದ ಕಥೆಗಳನ್ನು ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ನನಗೂ ಹೇಳುವಳು.

ಅವರ ಸರ್ ಫೋರ್‌ಶ್ಯಾಡೋಯಿಂಗ್ ಅಂತ ಒಂದು ಮಾತು ಕಲಿಸಿದ್ದರು. ಅದು ನನ್ನ ನಾಲಗೆಗೆ ಇವತ್ತಿಗೂ ಹೊರಳುವುದಿಲ್ಲ.

"ಸಣ್ಣ ಕಥಿಯೊಳಗ ಯಾವ ಸಾಮಾನೂ ಸುಮ್ನ ಇರಂಗಿಲ್ರಿ ಆಜಿ. ಕಡೀಕ ಆಗೋದರ ಸೂಚನೆ ಮೊದಲ ಇಟ್ಟಿರತಾರ. ಹುಡುಕಿ ಕೆಂಪು ಗೆರಿ ಎಳೀಬೇಕು."

"ನಮ್ಮ ಅಟ್ಟದ ಮ್ಯಾಲೆ ಭಾಳ ಸಾಮಾನು ಸುಮ್ನ ಬಿದ್ದಾವ. ಬಂದು ಗೆರಿ ಎಳಿ."

ನಕ್ಕಳು. ಆದರೆ ಎಂಟು ದಿನದೊಳಗೆ ಅವಳು ದವಾಖಾನೆಗೇ ಗೆರೆ ಎಳೆಯತೊಡಗಿದಳು. ಕಂಡದ್ದನ್ನು ಬರೆದಿಡಲು ಒಂದು ವಹಿ ಮಾಡಿದ್ದಳು. ದಿನಾ ಮಧ್ಯಾಹ್ನ ಮೂರು ಗಂಟೆಗೆ ಅವ್ವನ ಮೇಲಿನ ಫ್ಯಾನ್ ಒಂದೇ ನಿಲ್ಲುತ್ತದೆ: ಕೆಂಪು ಗೆರೆ. ಮೂಲೆಯ ಕಾಟಿನವಳು ಸಾಯುವ ಮುನ್ನಾದಿನ ತನ್ನ ಬಾಚಣಿಗೆಯನ್ನು ಅವ್ವನಿಗೆ ಕೊಟ್ಟಳು: ಕೆಂಪು ಗೆರೆ.

ಮುಂದಿನ ಬುಧವಾರ ಡಾಕ್ಟರು ಆಪರೇಷನ್ನಿನ ಕಾಗದ ಕೊಟ್ಟರು. ನಾಳೆ ಮಾಡದಿದ್ದರೆ ಹೊಟ್ಟೆಯ ಗಡ್ಡೆ ಒಡೆಯುತ್ತದೆ, ತಾಯಿ ಉಳಿಯುವುದಿಲ್ಲ. ಸಹಿ ಹಾಕಲು ರೂಪಾಲಿ ಒಬ್ಬಳೇ. ಅವಳು ಹಾಕಲಿಲ್ಲ. ಕಾಗದ, ವಹಿ ಎರಡೂ ಹಿಡಿದು ನನ್ನ ಅಡಿಗೆಮನೆಗೆ ಬಂದಳು.

"ಇಷ್ಟೂ ಸೂಚನೆ ಒಂದ ಕಡೀಗೆ ಹೊಂಟಾವ್ರಿ. ಕೊಯ್ದ್ರ ಅವ್ವ ಏಳಂಗಿಲ್ಲ. ಇದನ್ನ ಕೇಳ್ರಿ. ಫ್ಯಾನ್ ನಿಂತಾಗ ಯಾರೋ ಮುದುಕರು ಬಂದು ಕಾಲ ಮ್ಯಾಲೆ ಚಾದರ ಹೊಚ್ಚತಾರ ಅಂತ ಅವ್ವ ಹೇಳತಾಳ. ನಾ ಬಾಜೂಕ ಕುಂತಿರತೇನಿ, ನನಗ ಯಾರೂ ಕಾಣಂಗಿಲ್ಲ. ಚಾದರ ಸರಿಯೋದು ಮಾತ್ರ ಕಾಣತೈತಿ."

ನಾನು ಹಿಟ್ಟು ನಾದುವುದನ್ನು ನಿಲ್ಲಿಸಿದೆ.

"ಯಾವ ಕಾಲು ಮೊದಲು?"

"ಎಡಗಾಲು. ಆಮ್ಯಾಲೆ ಬಲಗಾಲು. ಕಡೀಕ ಚಾದರದ ತುದಿ ಹಿಮ್ಮಡದ ಕೆಳಗ ಸಿಗಿಸತಾರ."

ನಮ್ಮ ಯಜಮಾನರು ನೇಮಿನಾಥ ತೀರಿಕೊಂಡದ್ದು ಅದಕ್ಕೂ ಹದಿನಾಲ್ಕು ವರ್ಷದ ಹಿಂದೆ, ಅದೇ ವಾರ್ಡಿನಲ್ಲಿ, ಮಧ್ಯಾಹ್ನ ಮೂರಕ್ಕೆ. ಆಗ ಅದು ಗಂಡಸರ ವಾರ್ಡು. ಮನೆಯಲ್ಲಿ ಯಾರು ಮಲಗಿದ್ದರೂ ಅವರು ಕಾಲಿಗೆ ಚಾದರ ಹೊಚ್ಚದೆ ಮುಂದೆ ಹೋದವರಲ್ಲ. ಎಡಗಾಲು, ಬಲಗಾಲು, ಹಿಮ್ಮಡದ ಕೆಳಗೆ ತುದಿ. ಇದನ್ನು ನಾನು ಹುಡುಗಿಗೆ ಹೇಳಲಿಲ್ಲ.

"ಹೊಚ್ಚೋರು ಒಯ್ಯೋರಲ್ಲ. ಸಹಿ ಮಾಡು," ಅಂದೆ.

"ನಿಮಗ ಹೆಂಗ ಗೊತ್ತು?"

"ನನಗ ಇಂಗ್ಲಿಷ್ ಬರಂಗಿಲ್ಲ. ಇದು ಬರತೈತಿ."

ಹಿಟ್ಟಿನ ಮಣೆಯ ಮೇಲೆ ಕಾಗದ ಇಟ್ಟು ಸಹಿ ಮಾಡಿದಳು.

ಗುರುವಾರ ತಂಗೆವ್ವನನ್ನು ಒಳಗೆ ಒಯ್ದರು, ಜೀವಂತ ಹೊರಗೆ ತಂದರು. ಚಾದರ ಮತ್ತೆ ಸರಿಯಲಿಲ್ಲವಂತೆ. ಹನ್ನೊಂದನೇ ದಿನ ಊರಿನ ಬಸ್ಸಿನಲ್ಲಿ ತಾಯಿಯನ್ನು ಕೂಡಿಸಿ ರೂಪಾಲಿ ಕೆಳಗಿಳಿದು, ಕಳಿಸಲು ಬಂದಿದ್ದ ನನ್ನ ಹತ್ತಿರ ಬಂದಳು. ವಹಿ ತೆರೆದಿತ್ತು, ಕೆಂಪು ಪೆನ್ಸಿಲ್ ಬೆರಳಲ್ಲಿತ್ತು.

"ಆಜಿ, ಅವತ್ತು ನಾ ಮುದುಕರು ಅಂದೆ. ಯಾರು ಅಂತ ನೀವು ಕೇಳಲಿಲ್ಲ. ಯಾವ ಕಾಲು ಮೊದಲು ಅಂತ ಯಾಕ ಕೇಳಿದ್ರಿ?"