ನಾಲ್ಕೂವರೆಯ ಗಂಟೆ

ಮೈಕ್ ಸೆಟ್ ಬಾಡಿಗೆಗೆ ಕೊಡೋ ನನಗೆ ಯಾವ ಪಕ್ಷವಾದರೂ ಒಂದೇ. ಆದರೆ ನಮ್ಮ ಕಡೆಯ ಒಬ್ಬ ನಾಯಕರ ಸಭೆ ಅಂದರೆ ನನಗೇ ಮುಜುಗರ. ನನ್ನ ಇದೇ ಮೈಕಿನಲ್ಲಿ ಮೂರು ಚುನಾವಣೆಗೆ ಮೂರು ಪಕ್ಷವನ್ನು ಹೊಗಳಿದವರು ಅವರು. ಅವರ ಮೇಲೆ ಕಾಡು ಒತ್ತುವರಿಯ ಕೇಸು ಬೇರೆ.

ಈ ಸಲ ಬಾಳೂರಿನ ಒಂದು ಎಸ್ಟೇಟಿನಲ್ಲಿ ಸಭೆ. ಕಣದಲ್ಲಿ ಒಣಗುತ್ತಿದ್ದ ಕಾಫಿಯನ್ನು ಪಕ್ಕಕ್ಕೆ ಗುಡ್ಡೆ ಮಾಡಿ, ಹಣ್ಣು ಕೊಯ್ಯುತ್ತಿದ್ದ ಆಳುಗಳನ್ನೆಲ್ಲ ತಂದು ಕೂರಿಸಿದ್ದರು. ಭಾಷಣ ಕೇಳಿದರೂ ಹಾಜರಿ ಹಾಕ್ತೀನಿ ಅಂತ ಮೇಸ್ತ್ರಿ ಮೊದಲೇ ಹೇಳಿದ್ದ.

"ಕೊನೇ ಉಸಿರಿರೋ ತನಕ ಈ ಪಕ್ಷ ಬಿಡಲ್ಲ!" ಅಂತ ನಾಯಕರು ಗುಡುಗುತ್ತಿದ್ದಾಗ ಕೆಲಸ ಬಿಡುವ ನಾಲ್ಕೂವರೆಯ ಗಂಟೆ ಹೊಡೆಯಿತು. ಅಷ್ಟೂ ಜನ ಎದ್ದು, ಬುತ್ತಿ ಚೀಲ ಹೆಗಲಿಗೆ ಹಾಕಿಕೊಂಡು ತಾವಿರುವ ಲೈನ್ ಮನೆಗಳ ಕಡೆ ಹೊರಟರು.

"ಏನಯ್ಯಾ ಮೇಸ್ತ್ರಿ, ನನ್ನ ಮಾತು ಮುಗಿದಿಲ್ವಲ್ಲ!" ಅಂತ ನಾಯಕರು ಮೈಕಿನಲ್ಲೇ ಕೇಳಿದರು.

"ಇವ್ರ ಕೆಲ್ಸ ಮುಗೀತಲ್ಲ ಅಯ್ಯಾ," ಅಂದ ಮೇಸ್ತ್ರಿ, ತಣ್ಣಗೆ.

ನಡುವೆ ಬಿಟ್ಟುಹೋಗೋದು ನಾಯಕರಿಗೆ ಹೊಸದಲ್ಲ. ಬಿಟ್ಟುಹೋಗುವವರ ಬೆನ್ನು ನೋಡಿದ್ದು ಮಾತ್ರ ಅವತ್ತೇ ಮೊದಲಿರಬೇಕು.